ಮೂರನೆಯ ಸಾಕ್ಷಿ

ಸವದತ್ತಿಯ ನೋಂದಣಿ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಮೂವತ್ತೊಂದು ವರ್ಷ ಊರ ಜನರ ಅರ್ಜಿ ಬರೆದಿದ್ದೇನೆ. ಹೊಲದ ಖರೀದಿ, ಅಣ್ಣತಮ್ಮಂದಿರ ಆಸ್ತಿ ಪಾಲಿನ ವಾಟ್ನಿ, ಮೃತ್ಯುಪತ್ರ, ಮದುವೆಯ ನೋಂದಣಿ ಎಲ್ಲವೂ ನನ್ನ ಕೈಯಿಂದ ಹೋಗಿವೆ. ಹಣಮಂತಪ್ಪನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಜನ ಹೇಳುತ್ತಿದ್ದರು, ನಾನೂ ಅದನ್ನು ಕೇಳಿ ಉಬ್ಬುತ್ತಿದ್ದೆ. ಆ ಸೊಕ್ಕು ಇಳಿಸಿದವಳು ಸಾಲಹಳ್ಳಿಯ ಕರೆವ್ವ. ಅವಳ ಕಥೆ ಹೇಳುವಾಗ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೆಯೇ.

2003ರ ಡಿಸೆಂಬರಿನ ಒಂದು ಮಂಗಳವಾರ ಅವಳು ಬಂದಳು. ಮೂವತ್ತು ದಾಟಿದ ಹೆಂಗಸು, ತಲೆತುಂಬ ಸೆರಗು, ಎದೆಗೆ ಅವಚಿಕೊಂಡ ಒಂದು ಪ್ಲಾಸ್ಟಿಕ್ ಚೀಲ.

“ಕಾಕಾರ, ನನ್ನ ಲಗ್ನದ ದಾಖಲಿ ಹುಡುಕಿಸಬೇಕಾಗೇತ್ರಿ.”

“ಹೆಸರ ಏನವಾ?”

“ಯಾವ ಹೆಸರ ಹೇಳ್ಲಿರಿ? ತವರಮನ್ಯಾಗ ಕರೆವ್ವ. ಗಂಡನ ಮನ್ಯಾಗ ರಾಜೇಶ್ವರಿ.”

ನಮ್ಮ ಕಡೆ ಇದೇನೂ ಹೊಸದಲ್ಲ. ಎಷ್ಟೋ ಮನೆತನಗಳಲ್ಲಿ ಸೊಸೆ ಮನೆ ತುಂಬುವ ಹೊತ್ತಿಗೆ ಅವಳಿಗೆ ಹೊಸ ಹೆಸರು ಇಡುತ್ತಾರೆ. ಪರಾತದಲ್ಲಿ ಅಕ್ಕಿ ಹರವಿ ಗಂಡ ಉಂಗುರದಿಂದ ಆ ಹೆಸರು ಬರೆಯುತ್ತಾನೆ, ಸುತ್ತ ನಿಂತವರು ನಗುತ್ತಾರೆ, ಹುಡುಗಿ ಹುಟ್ಟಿದಾಗಿನಿಂದ ಓಗೊಟ್ಟ ಹೆಸರನ್ನು ಅಲ್ಲಿಗೆ ಬಿಡುತ್ತಾಳೆ. 1991ರಲ್ಲಿ ಕರೆವ್ವನನ್ನು ಸಿರಸಂಗಿಯ ಗೌರೀಶನಿಗೆ ಕೊಟ್ಟರು. ಗೌರೀಶ ನವಿಲುತೀರ್ಥದಲ್ಲಿ ಕಾಲುವೆಯ ಗೇಟಿನ ಮೇಲಿದ್ದ ಸರ್ಕಾರಿ ನೌಕರ. ನೌಕರನ ಹೆಂಡತಿಗೆ ಕರೆವ್ವ ಎಂಬ ಹೆಸರು ಒಪ್ಪುವುದಿಲ್ಲವೆಂದು ಅತ್ತೆ ಸಾವಿತ್ರೆವ್ವ ಮೊದಲೇ ನಿರ್ಧರಿಸಿ, ಗಂಡಿನ ಕಡೆಯ ಲಗ್ನಪತ್ರಿಕೆಯಲ್ಲಿ ರಾಜೇಶ್ವರಿ ಎಂದೇ ಅಚ್ಚು ಹಾಕಿಸಿದ್ದಳು. ಗೌರೀಶನ ಸೋದರಮಾವನ ಊರು ಕಿತ್ತೂರು. ಮದುವೆ ಅಲ್ಲೇ ಆಯಿತು.

ಕ್ವಾರ್ಟರ್ಸ್ ಸಿಕ್ಕ ಮೇಲೆ ಕರೆದೊಯ್ಯುತ್ತೇನೆ ಎಂದ ಗಂಡ ಹನ್ನೆರಡು ವರ್ಷ ಅದನ್ನೇ ಹೇಳುತ್ತ ಹೋದ. ಅಮಾವಾಸ್ಯೆಗೊಮ್ಮೆ ಸಿರಸಂಗಿಗೆ ಬಂದು ಊಟ ಮಾಡಿ ಹೋಗುತ್ತಿದ್ದ. ಇವಳು ಸಗಣಿ ಬಳಿದಳು, ಮಕ್ಕಳಾಗಲಿಲ್ಲವೆಂಬ ಮಾತು ಕೇಳಿದಳು, ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿದಳು. ಅತ್ತೆ ತೀರಿದ ಮೇಲೆ ತಾನೇ ಗಂಟು ಕಟ್ಟಿಕೊಂಡು ನವಿಲುತೀರ್ಥಕ್ಕೆ ಹೋದರೆ, ಕ್ವಾರ್ಟರ್ಸಿನ ಬಾಗಿಲಲ್ಲಿ ಇನ್ನೊಬ್ಬ ಹೆಂಗಸು ನಿಂತಿದ್ದಳು. ಪಕ್ಕದ ಮನೆಯವರು, “ಇವ್ರ ರಾಜೇಶ್ವರಿ ಬಾಯಾರು, ಗೌರೀಶಪ್ಪನವರ ಮನಿಯವ್ರು. ನೀವ ಯಾರ್ರಿ?” ಎಂದು ಕೇಳಿದರು. ಗೌರೀಶ ಹೊರಗೆ ಬಂದು, ನೆಲ ನೋಡುತ್ತ, ಈಕೆ ಯಾರೋ ನನಗೆ ಗೊತ್ತಿಲ್ಲ ಎಂದ. ಕಾಲುವೆ ಕಚೇರಿಯ ಸಾಹೇಬರು ಒಂದೇ ಮಾತು ಹೇಳಿದರಂತೆ: ನೀನೇ ಹೆಂಡತಿ ಎನ್ನುವುದಾದರೆ ಲಗ್ನದ ದಾಖಲೆ ತಾ.

“ದಾಖಲಿ ಐತ್ರಿ ಕಾಕಾರ,” ಎಂದಳು ಕರೆವ್ವ. “ತೊಂಬತ್ತೇಳರಾಗ ನನ್ನ ತಮ್ಮ ನಿಂಗರಾಜ ಬಂದು ಲಗ್ನಪತ್ರಿಕಿ ಒಯ್ದಾನ. ಗೌರೀಶ ಮಾವ ಆಫೀಸಿನಾಗ ಲಗ್ನ ಬರಸ್ತಾರಂತ, ಕೊಡಕ್ಕಾ ಅಂದ. ಯಾವ ಊರಾಗ ಬರಿಸಿದ್ರೋ ಅದನ್ನ ಮರತಾನಂತ.”

ತಮ್ಮನ ಹೆಸರು ಬಂದ ಕೂಡಲೇ ಅವಳ ಮುಖ ಅರಳಿತು. ಅವನನ್ನು ಸಾಲೆಗೆ ಕಳಿಸಲಿಕ್ಕೆ ತಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಪಾಟಿ ಹಿಡಿಸಿ ಅಕ್ಷರ ತಿದ್ದಿಸಿದವಳೂ ಅವಳೇ. ಮುಂದೆ ಗಂಡನ ಕಾಲು ಹಿಡಿದು ತಮ್ಮನಿಗೆ ಕಾಲುವೆಯ ಮೇಲೆ ಕೆಲಸ ಕೊಡಿಸಿದ್ದಳು. ಈಗ ಅವಳಿದ್ದದ್ದು ಅವನ ಮನೆಯಲ್ಲೇ. ಅವನು ರಜೆ ಹಾಕಿ ಅಕ್ಕನನ್ನು ಊರೂರು ತಿರುಗಿಸಿದ್ದ. ಮದುವೆಯಾದ ಊರೆಂದು ಕಿತ್ತೂರು, ಅದರ ತಾಲೂಕಿನ ಊರೆಂದು ಬೈಲಹೊಂಗಲ, ಹೆಣ್ಣಿನ ಕಡೆಯ ತಾಲೂಕೆಂದು ರಾಮದುರ್ಗ. ಎಲ್ಲ ಕಡೆಯೂ ಪುಸ್ತಕ ತಿರುವಿ, ಇಲ್ಲ ಎಂದಿದ್ದರು.

“ಗಂಡಿನ ಕಡೀ ತಾಲೂಕ ಸವದತ್ತಿ ಅಲ್ಲೇನವಾ? ಮೊದಲ ಇಲ್ಲೇ ಬರಬೇಕಿತ್ತು.”

“ಸವದತ್ಯಾಗ ಇರೂದಿಲ್ಲಕ್ಕಾ, ಸುಮ್ಮನ ದಣೀಬ್ಯಾಡ ಅಂದಾನ್ರಿ ತಮ್ಮ. ನನಗ ಮನಸ ತಡೀಲಿಲ್ಲ. ಅವಗ ಹೇಳಲಾರದ ಬಂದೇನಿ.”

ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹುಡುಕುವ ಅರ್ಜಿ ಬರೆದು, ಅವಳ ಜೊತೆ ನಾನೇ ಒಳಗೆ ಹೋದೆ. ಗುಮಾಸ್ತರು 1997ರ ಪುಸ್ತಕ ತೆಗೆದು, ಹಾಳೆ ತಿರುವಿ, “ಐತಿ ನೋಡ್ರಿ” ಎಂದರು. ಕರೆವ್ವ ಎರಡೂ ಕೈ ಹಣೆಗೆ ಒತ್ತಿಕೊಂಡಳು. ಹೊರಗೆ ಹೋಗಿ ತಮ್ಮನಿಗೆ ಫೋನ್ ಮಾಡಬೇಕು ಎಂದಳು.

ಆಮೇಲೆ ಹಾಳೆಗೆ ಅಂಟಿಸಿದ ಫೋಟೋ ನೋಡಿದಳು. ಗೌರೀಶನ ಪಕ್ಕದಲ್ಲಿ ಕೂತವಳು ಕ್ವಾರ್ಟರ್ಸಿನ ಬಾಗಿಲಲ್ಲಿ ಕಂಡವಳು. ಕೆಳಗೆ ಬರೆದದ್ದು, ರಾಜೇಶ್ವರಿ, ಸಾಲಹಳ್ಳಿಯ ವೀರಪ್ಪನ ಮಗಳು.

“ನನ್ನ ಅಪ್ಪನ ಹೆಸರೂ ಆಕಿಗೇ ಕೊಟ್ಟಾರಲ್ರೀ,” ಎಂದಳು.

ಸರ್ಕಾರಿ ನೌಕರ ಎರಡನೆಯ ಹೆಂಡತಿಯನ್ನು ಇಟ್ಟುಕೊಳ್ಳುವಂತಿಲ್ಲ. ಹೆಸರು ಒಂದೇ ಇದ್ದರೆ ಹೆಂಡತಿಯೂ ಒಬ್ಬಳೇ ಆಗುತ್ತಾಳೆ. ಅಕ್ಕಿಯ ಮೇಲೆ ಬರೆದುಕೊಟ್ಟ ಹೆಸರನ್ನು ಆ ಪುಣ್ಯಾತ್ಮ ಹಾಗೆಯೇ ಎತ್ತಿ ಇನ್ನೊಬ್ಬಳಿಗೆ ಕೊಟ್ಟಿದ್ದ. ಇವಳ ಲಗ್ನಪತ್ರಿಕೆ, ಇವಳ ಹೆಸರು, ಬೇರೆ ಮುಖ. ಇಂಥ ಗಂಡಸಿನ ಮೇಲೆ ಶಾಪ ಹಾಕಲಿಕ್ಕೂ ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ಆ ಫೋಟೋ ಅಂಟಿಸಿದ ನೋಂದಣಿ ಅರ್ಜಿಯ ಅಕ್ಷರ ನನ್ನದಾಗಿತ್ತು.

ನೆನಪಾಯಿತು. ಮೂವರು ಸಾಕ್ಷಿ ಬೇಕು, ಹೆಣ್ಣಿನ ಕಡೆಯವರು ಯಾರಿದ್ದೀರಿ ಎಂದು ಕೇಳಿದ್ದೆ. ಒಬ್ಬ ಹುಡುಗ ಮುಂದೆ ಬಂದು, “ನಾನ ಈಕಿ ಖಾಸ ತಮ್ಮರಿ” ಎಂದಿದ್ದ. ಒಡಹುಟ್ಟಿದವನೇ ಬಂದು ನಿಂತರೆ ನಾವು ಮತ್ತೇನನ್ನೂ ಕೇಳುವುದಿಲ್ಲ. ಎಲ್ಲ ಬರಹಗಾರರ ಪದ್ಧತಿ ಅದೇ. ಯಾವ ತಮ್ಮ ತನ್ನ ಅಕ್ಕನ ಬಗ್ಗೆ ಸುಳ್ಳು ಹೇಳುತ್ತಾನೆ ಎಂಬ ನಂಬಿಕೆಯ ಮೇಲೆ ನಡೆದ ಪದ್ಧತಿ.

ಪುಸ್ತಕ ಮುಚ್ಚಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಅವಳ ಬೆರಳು ಸಾಕ್ಷಿಗಳ ಕಡೆ ಇಳಿದಿತ್ತು. ಮೊದಲ ಸಹಿ ದಾಟಿತು, ಎರಡನೆಯದು ದಾಟಿತು. ಮೂರನೆಯದರ ಮೇಲೆ ನಿಂತಿತು.

“ಈ ಗುಡಿಸು ಹಿಂಗ ಗಂಟ ಹಾಕಿದಂಗ ಬರೀಬ್ಯಾಡೋ ಅಂತ ಎಷ್ಟ ಸಲ ಹೇಳೇನ್ರಿ,” ಎಂದಳು. “ಕೇಳ್ತಿದ್ದಿಲ್ಲ.”

ಫೋಟೋ ನೋಡಿದಾಗ ಅವಳು ಅತ್ತಿರಲಿಲ್ಲ. ಈಗ ಕಚೇರಿಯ ನೆಲದ ಮೇಲೆ ಕುಸಿದು ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಗುಮಾಸ್ತರು ಕುರ್ಚಿ ಸರಿಸಿ ಹೊರಗೆ ಹೋದರು. ಆರು ವರ್ಷ ಮುಚ್ಚಿಟ್ಟದ್ದಲ್ಲದೆ, ಸಿಕ್ಕುವುದಿಲ್ಲವೆಂದು ಗೊತ್ತಿದ್ದ ಕಡೆಗೆಲ್ಲ ಅಕ್ಕನನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ತಿರುಗಿದ್ದ ನಿಂಗರಾಜ. ಗೌರೀಶ ಕೊಡಿಸಿದ ಕೆಲಸ ಉಳಿಯಬೇಕಿತ್ತಲ್ಲ ಅವನಿಗೆ.

ಬರೆದವನು ನಾನೇ ಎಂದು ಅವಳಿಗೆ ಹೇಳಿದೆ. ಹೇಳದೆ ಇರಲಾಗಲಿಲ್ಲ. ಅವಳು ನನ್ನ ಮುಖ ನೋಡಿ, “ನೀವೂ ಇದ್ರ್ಯಾ ಅದರಾಗ?” ಎಂದಳು. ಕೋರ್ಟಿನಲ್ಲಿ ನಿಂತು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದು ಅವತ್ತೇ ಮಾತು ಕೊಟ್ಟೆ.

ಅವಳು ಸಾಲಹಳ್ಳಿಗೆ ಮರಳಲಿಲ್ಲ. ನಮ್ಮ ಓಣಿಯಲ್ಲೇ ಒಂದು ಖೋಲಿ ಹಿಡಿದು, ಖಾನಾವಳಿಗೆ ರೊಟ್ಟಿ ಬಡಿದುಕೊಡತೊಡಗಿದಳು. ದಾವೆಯನ್ನು ಕರೆವ್ವ ಎಂಬ ಹೆಸರಿನಲ್ಲೇ ಹಾಕಿಸಿದಳು. ಅದು ನಾಲ್ಕು ವರ್ಷ ನಡೆದು, ಕೊನೆಗೆ ಆ ನೋಂದಣಿ ಸುಳ್ಳೆಂದು ತೀರ್ಪಾಯಿತು, ಗೌರೀಶನ ಹೆಂಡತಿ ಇವಳೇ ಎಂದೂ ಬರೆದರು. ಅಷ್ಟು ಹೊತ್ತಿಗೆ ಅವಳಿಗೆ ಆ ಗಂಡ ಬೇಕಾಗಿರಲಿಲ್ಲ. ಕಾಗದ ಮಾತ್ರ ಬೇಕಾಗಿತ್ತು, ಅದನ್ನು ಟ್ರಂಕಿನಲ್ಲಿ ಇಟ್ಟಳು.

ನನ್ನ ಕಣ್ಣಿಗೆ ಕಟ್ಟಿದ ಹಾಗಿರುವುದು ತೀರ್ಪಲ್ಲ, ದಾವೆ ಹಾಕಿದ ವರ್ಷದ ನಾಗರಪಂಚಮಿ. ನಿಂಗರಾಜನಿಗೆ ಆಗಷ್ಟೇ ಸಮನ್ಸ್ ಮುಟ್ಟಿತ್ತು. ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯುವ ನೆಪ ಮಾಡಿಕೊಂಡು, ಉಂಡಿಯ ಡಬ್ಬಿ ಹಿಡಿದು ಬಂದ. ನಾನು ನನ್ನ ಕಟ್ಟೆಯ ಮೇಲೆ ಕೂತಿದ್ದೆ. ಅವನು ಖೋಲಿಯ ಹೊಸ್ತಿಲ ಹೊರಗೇ ನಿಂತು, “ಕೋರ್ಟಿಂದು ಕೋರ್ಟಿನಾಗ ಇರ್ಲಿ ಅಕ್ಕಾ. ಹಬ್ಬಕ್ಕ ಬಾ. ನೀ ಇಲ್ಲಂದ್ರ ಮನ್ಯಾಗ ಹಬ್ಬ ಆಗೂದಿಲ್ಲ,” ಎಂದ. ಕಣ್ಣಲ್ಲಿ ನೀರೂ ತಂದುಕೊಂಡಿದ್ದ.

ಕರೆವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಕೈಯಲ್ಲಿನ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಆಮೇಲೆ ಅವನ ಕಡೆ ತಿರುಗಿದಳು.

“ನವಿಲುತೀರ್ಥಕ್ಕ ಹೋಗೋ ತಮ್ಮಾ. ಅಕ್ಕ ಅಂತ ಯಾರಿಗೆ ಸಹಿ ಮಾಡಿದಿ, ಪಂಚಮಿಗೆ ಆಕಿನ್ನ ಕರಕೊಂಡ ಹೋಗು.”

ಅವನು ಡಬ್ಬಿಯನ್ನು ಹೊಸ್ತಿಲ ಮೇಲೆ ಇಟ್ಟ. ಅವಳು ರೊಟ್ಟಿ ಮಗುಚಿದಳು. ಕೊನೆಗೆ ಅವನು ಡಬ್ಬಿ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.