ಕಾಜಾ ಅಕ್ಕ ಮತ್ತು ಗಾಜಿನ ದಾರ

ಕಾಜಾ ಅಕ್ಕ ಅಂದರೆ ಬೀದಿಗೆಲ್ಲ ಗೊತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಅಂಗಿಗೆ ಕಾಜಾ ಹೊಲಿಯುವ ಕೆಲಸಕ್ಕೆ ಸೇರಿದಳು. ಗುಂಡಿ ತೂರಿಸಲು ಒಂದು ಸೀಳು, ಸೀಳಿನ ಸುತ್ತ ಹೊಲಿಗೆ. ಬೆಳಗಿನಿಂದ ಸಂಜೆಯವರೆಗೂ ಅದೇ. ತೋಳು, ಕಾಲರು ಮುಟ್ಟಲು ಅಂಗಡಿಯ ಯಜಮಾನ ಬಿಡಲಿಲ್ಲ. "ನಿಂಗ್ಯಾಕಮ್ಮ ಅದೆಲ್ಲ, ಕಾಜಾ ಚೆನ್ನಾಗಿ ಬರತ್ತಲ್ಲ" ಅನ್ನುತ್ತಿದ್ದ. ಅವಳು ಊಟದ ಬಿಡುವಿನಲ್ಲಿ ಬಿಸಾಡಿದ ಚೂರು ಬಟ್ಟೆಯ ಮೇಲೆ ತೋಳು ಕೂರಿಸುವುದನ್ನು ಕಲಿತಳು. ಕೈ ಪಳಗಿತು ಅನ್ನಿಸಿದ ದಿನ ಕತ್ತರಿಯನ್ನು ಯಜಮಾನನ ಮುಂದಿಟ್ಟು ಮೆಟ್ಟಿಲಿಳಿದು ಬಂದಳು. ಹೆಸರು ಮಾತ್ರ ಅಂಗಡಿಯಲ್ಲೇ ಉಳಿಯದೆ ಹಿಂದೆಯೇ ಬಂತು.

ಈಗ ಅವಳು ಫೋನಿನಲ್ಲಿ ಹೊಲಿಗೆ ಕಲಿಸುತ್ತಾಳೆ. ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಮೆಷಿನ್ ಮುಂದೆ ಫೋನ್ ನಿಲ್ಲಿಸಿದರೆ ಎಲ್ಲೆಲ್ಲಿಯೋ ಇರುವ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ತೊಂದರೆ ಇದ್ದದ್ದು ಮನೆಯಲ್ಲಿ. ಅದು ಹಾವಿನ ಹಾಗೆ ಉದ್ದದ ಮನೆ. ಇಂಟರ್ನೆಟ್ ಕಂಪನಿಯ ಡಬ್ಬಿ ಹಾಲಿನಲ್ಲಿ, ಟಿವಿಯ ಪಕ್ಕ. ಹಾಲು, ನಡುಮನೆ, ಅಡುಗೆಮನೆ ದಾಟಿ ಹಿಂದಿನ ಕೋಣೆಗೆ ಬರುವಷ್ಟರಲ್ಲಿ ವೈಫೈಗೆ ಉಸಿರೇ ಇರುತ್ತಿರಲಿಲ್ಲ. ಸರಿಯಾಗಿ ತೋಳು ಕೂರಿಸುವ ಹೊತ್ತಿಗೆ ಚಿತ್ರ ನಿಂತುಬಿಡುತ್ತಿತ್ತು. ಬಾಯಿ ತೆರೆದ ಕಾಜಾ ಅಕ್ಕನನ್ನು ಎಷ್ಟು ಹೊತ್ತು ಅಂತ ನೋಡಿಯಾರು? ಹೆಂಗಸರು ಒಬ್ಬೊಬ್ಬರೇ ಬಿಟ್ಟುಹೋಗತೊಡಗಿದರು.

ಗಂಡ ಲಾರಿ ಓಡಿಸುವವನು. ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೆ. ಏನು ಹೇಳಿದರೂ "ಅದು ನೀನಾಯ್ತು, ಅಣ್ಣ ಆಯ್ತು" ಅಂದು ಫೋನ್ ಇಡುತ್ತಿದ್ದ. ಆ ಅಣ್ಣ, ಅವಳ ಭಾವ, ಗೋದಾಮಿನಲ್ಲಿ ಸೂಪರ್‌ವೈಸರು. ಮನೆಯನ್ನೂ ಗೋದಾಮೆಂದೇ ತಿಳಿದಿದ್ದರು. ಯಾವ ವಸ್ತು ಎಲ್ಲಿರಬೇಕು ಎಂಬುದು ಅವರ ಬಾಯಲ್ಲೇ ಬರಬೇಕು.

"ಡಬ್ಬಿ ನಡುಮನೆಗೆ ತಂದ್ರೆ ಎಲ್ರಿಗೂ ಸಿಗತ್ತೆ ಭಾವ" ಅಂದಳು ಒಂದು ದಿನ.

"ನಮಗೆಲ್ಲ ಸಿಗ್ತಾ ಇದೆಯಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

"ನೆಲ ನಿಜವಾಗ್ಲೂ ಡೊಂಕಾಗಿದ್ರೆ ಏನ್ ಮಾಡ್ಬೇಕು ಭಾವ?"

ಭಾವನಿಗೆ ಸಿಟ್ಟು ಬಂತು. "ಈ ತಿಂಗಳು ನೋಡು. ನಿನ್ನ ಕ್ಲಾಸು ಹೀಗೇ ಇದ್ರೆ ಅಂಗಡಿಗೆ ವಾಪಸ್ ಹೋಗು. ಯಜಮಾನ್ರು ಈಗ್ಲೂ ನಿನ್ನ ಕಾಜಾ ನೆನೆಸ್ಕೋತಾರೆ."

ಆ ಮಾತು ಕೇಳಿ ಅವಳ ಮೈ ಉರಿಯಿತು. ಆ ಮಹಡಿಯನ್ನು ಮತ್ತೆ ಹತ್ತುವುದೆಂದರೆ ಅವಳಿಗೆ ಅವಮಾನ, ಅದಕ್ಕಿಂತ ಹೆಚ್ಚಾಗಿ ಭಯ. ಒಮ್ಮೆ ಹತ್ತಿದರೆ ಇನ್ನು ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಕಂಪನಿಗೆ ಫೋನ್ ಮಾಡಿದಳು. "ಡಬ್ಬಿ ಹತ್ರ ಕೂತು ಉಪಯೋಗಿಸಿ ಮೇಡಂ" ಎಂದಿತು ಆ ಕಡೆಯ ದನಿ. "ನೀವೇ ಬಂದು ಟಿವಿ ಮುಂದೆ ಮೆಷಿನ್ ಇಟ್ಟು ಹೊಲೀರಿ" ಎಂದಳು ಕಾಜಾ ಅಕ್ಕ.

ಮರುದಿನ ಭಾವ ಗೋದಾಮಿಗೆ ಹೋದದ್ದೇ ತಡ, ಡಬ್ಬಿಯನ್ನು ಎತ್ತಿ ನಡುಮನೆಯ ಕಪಾಟಿನ ಮೇಲೆ ಇಟ್ಟಳು. ಹಾಲಿನ ಮೂಲೆಯಲ್ಲಿ ಕಂಪನಿಯವರು ಸಾಕಷ್ಟು ತಂತಿಯನ್ನು ಸುರುಳಿ ಸುತ್ತಿ ಬಿಟ್ಟಿದ್ದರು. ಡಬ್ಬಿ ಆರಾಮಾಗಿ ನಡುಮನೆ ತಲುಪಿತು, ಇನ್ನೂ ಒಂದಷ್ಟು ತಂತಿ ಉಳಿಯಿತು. ಅದು ಹಾಲಿನ ಮೂಲೆಯಲ್ಲೇ ನೆಲದ ಮೇಲೆ ಜೋಲಾಡುವುದನ್ನು ಅವಳಿಂದ ನೋಡಲಾಗಲಿಲ್ಲ. ದರ್ಜಿಯ ಕಣ್ಣಿಗೆ ಜೋಲುವ ದಾರಕ್ಕಿಂತ ದೊಡ್ಡ ಅಪರಾಧವಿಲ್ಲ. ದಾರ ಮುಗಿದ ಖಾಲಿ ರೀಲೊಂದನ್ನು ತಂದು, ತಂತಿಯನ್ನು ಅದಕ್ಕೆ ಬಿಗಿಯಾಗಿ, ಸುತ್ತಿನ ಪಕ್ಕ ಸುತ್ತು ಕೂರುವಂತೆ ಸುತ್ತಿದಳು. ನೋಡಲು ಬಹಳ ಚೆಂದವಾಯಿತು. ಡಬ್ಬಿಯಲ್ಲಿ ಕೆಂಪು ದೀಪ ಹೊತ್ತಿತು.

ಸಂಜೆ ಮನೆಯಲ್ಲಿ ಇಂಟರ್ನೆಟ್ ಇಲ್ಲ, ಓರಗಿತ್ತಿಯ ಧಾರಾವಾಹಿ ಇಲ್ಲ, ಭಾವನ ಕ್ರಿಕೆಟ್ ಇಲ್ಲ. ಮಾತು ಮಾತ್ರ ಬೇಕಾದಷ್ಟಿತ್ತು. ಕಾಜಾ ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ಕಂಪನಿಯ ಲೈನ್‌ಮ್ಯಾನ್ ಬಂದ. ರೀಲು ನೋಡಿ ತಲೆ ಚಚ್ಚಿಕೊಂಡ. "ಯಾರು ಇದನ್ನ ಸುತ್ತಿದ್ದು?"

"ನಾನೇ" ಎಂದಳು.

"ಇದು ದಾರ ಅಲ್ಲಕ್ಕ, ಒಳಗಿರೋದು ಗಾಜು. ಇಷ್ಟು ಬಿಗಿಯಾಗಿ ಸುತ್ತಿದ್ರೆ ಮುರೀದೆ ಇರತ್ತಾ?"

"ದಾರದ ಹಾಗಿರೋದನ್ನ ದಾರದ ಹಾಗೆ ಸುತ್ತಿದೆ. ಗಾಜು ಅಂತ ಹಾಕೋವಾಗ ಒಂದು ಮಾತು ಹೇಳಿದ್ರಾ?"

ಲೈನ್‌ಮ್ಯಾನ್‌ಗೆ ನಗು ತಡೆಯಲಾಗಲಿಲ್ಲ. ಮುರಿದಲ್ಲಿಂದ ಮುಂದಿನದನ್ನೆಲ್ಲ ಕತ್ತರಿಸಿ ತೆಗೆದು, ಉಳಿದ ತಂತಿಗೆ ಹೊಸ ತುದಿ ಹಾಕಿದ. ದೀಪ ಹಸಿರಾಯಿತು. ಆದರೆ ತಂತಿ ಗಿಡ್ಡವಾಗಿತ್ತು. ಹಾಲು ಬಿಟ್ಟು ಆಚೆ ಬರುವಂತಿರಲಿಲ್ಲ. ಡಬ್ಬಿ ಮತ್ತೆ ಟಿವಿಯ ಪಕ್ಕಕ್ಕೇ ಹೋಯಿತು.

"ಮಾಡಿದ್ದುಣ್ಣೋ ಮಹರಾಯ" ಎಂದರು ಭಾವ, ತೃಪ್ತಿಯಿಂದ. "ಇನ್ನಾದ್ರೂ ಡಬ್ಬಿ ಮುಟ್ಬೇಡ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಇವಳು ಸಲಕರಣೆ ತುಂಬಿಕೊಳ್ಳುತ್ತಿದ್ದ ಲೈನ್‌ಮ್ಯಾನ್‌ನ ಎದುರು ಹೋಗಿ ನಿಂತಳು. "ಕಂಪನಿ ಡಬ್ಬಿ ಅಲ್ಲೇ ಸಾಯ್ಲಿ. ಅದರಿಂದ ಇನ್ನೊಂದು ತಂತಿ ಎಳ್ದು ನನ್ನ ಕೋಣೇಲಿ ನಂದೇ ಒಂದು ಡಬ್ಬಿ ಇಟ್ಕೋಬಹುದಾ?"

"ಧಾರಾಳವಾಗಿ. ಒಳ್ಳೇ ರೌಟರ್ ತಗೊಳ್ಳಿ. ಕಂಪನಿ ಡಬ್ಬೀದು ವೈಫೈ ಆಫ್ ಮಾಡಿಬಿಡಿ, ಇಲ್ದಿದ್ರೆ ಎರಡೂ ಕಚ್ಚಾಡ್ತವೆ. ಹಾಲಿಗೆ ಸಿಗ್ದಿದ್ರೆ ನಡುಮನೇಲಿ ಒಂದು ರಿಪೀಟರ್ ಸಿಗಿಸಿ, ಅದು ಮುಂದಕ್ಕೆ ದಾಟಿಸತ್ತೆ."

ಕಾಜಾ ಅಕ್ಕ ಭಾವನ ಕಡೆ ತಿರುಗಿದಳು. ಕದ್ದು ಮಾಡುವ ಜಾಯಮಾನ ಅವಳದ್ದಲ್ಲ. ನಿನ್ನೆ ಒಮ್ಮೆ ಕದ್ದು ಮಾಡಿ ಆಗಿತ್ತು, ಅದು ಒಗ್ಗಲಿಲ್ಲ. "ಕೇಳಿದ್ರಲ್ಲ ಭಾವ. ಇನ್ಮೇಲೆ ಈ ಮನೆಗೆಲ್ಲ ವೈಫೈ ಬರೋದು ನನ್ನ ಕೋಣೆಯಿಂದ. ಬೇಡ ಅಂತಿದ್ರೆ ಈಗ್ಲೇ ಹೇಳಿ, ಬೇರೆ ಕನೆಕ್ಷನ್ ತಗೋತೀನಿ."

ಭಾವ ಯೋಚಿಸಿದರು. "ಡಬ್ಬಿ ಹಾಲಲ್ಲೇ ಇರತ್ತಲ್ಲ?"

"ಇಲ್ಲೇ ಇರತ್ತೆ. ದೀಪಾನೂ ಉರೀತಿರತ್ತೆ."

"ಹಾಗಾದ್ರೆ ಸರಿ" ಎಂದರು. ತಾವೇ ಗೆದ್ದೆವೆಂದು ಅವರ ಮುಖದಲ್ಲಿ ಕಾಣುತ್ತಿತ್ತು. ಗೆದ್ದುಕೊಳ್ಳಲಿ, ಯಾರಿಗೇನು ನಷ್ಟ?

ಅಂಗಡಿಗೆ ಹೋಗಿ ರೌಟರ್, ರಿಪೀಟರ್, ಒಂದು ಉದ್ದನೆಯ ಕೇಬಲ್ ತಂದಳು. ಸ್ಟೂಲು ಹತ್ತಿ, ಬಾಗಿಲ ಚೌಕಟ್ಟಿನ ಅಂಚಿನಲ್ಲೇ ಕೇಬಲ್ ಹಾಯಿಸಿ, ಕ್ಲಿಪ್ಪು ಬಡಿಯುತ್ತಾ ಹಿಂದಿನ ಕೋಣೆ ಮುಟ್ಟಿದಳು. ಮೂಲೆಗಳಲ್ಲಿ ಮಾತ್ರ, ಅಂಗಿಯ ಕಂಕುಳ ತಿರುವಿನಂತೆ, ದುಂಡಗೆ ಬಾಗಿಸಿದಳು. "ಇದರೊಳಗೆ ಗಾಜಿಲ್ಲ, ತಾಮ್ರ" ಎಂದು ಅಂಗಡಿಯವನು ಹೇಳಿದ್ದ. ಅವಳು ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ.

ಮುಂದಿನ ಕ್ಲಾಸಿಗೆ ಬಂದವರು ಕೆಲವೇ ಮಂದಿ. ಆದರೆ ಬಂದವರು ಯಾರೂ ನಡುವೆ ಎದ್ದು ಹೋಗಲಿಲ್ಲ. ಕಾಜಾ ಅಕ್ಕ ತೋಳಿನ ತಲೆಯನ್ನು ಹೆಗಲಿನ ಹೊಲಿಗೆಗೆ ಸರಿಯಾಗಿ ಹಿಡಿದು, ಅರ್ಧ ಸುತ್ತು ಹೊಲಿದಿದ್ದಳು. ಆಗ ಭಾವ ಫೋನ್ ಹಿಡಿದುಕೊಂಡು ಬಾಗಿಲಿಗೆ ಬಂದರು. ಭಾವ ಬಂದರೆ ಎದ್ದು ನಿಲ್ಲುವುದು ಅವಳಿಗೆ ಇಷ್ಟು ವರ್ಷಗಳ ರೂಢಿ. ಈ ದಿನ ಕಾಲು ಪೆಡಲಿನ ಮೇಲಿತ್ತು, ಏಳಲಿಲ್ಲ.

"ಅಂಗಡಿ ಯಜಮಾನ್ರು ಲೈನಲ್ಲಿದಾರೆ. ಕಾಜಾ ಹೊಲಿಯೋಕೆ ಜನ ಇಲ್ವಂತೆ. ಯಾವಾಗಿಂದ ಬರ್ತೀಯ ಅಂತ ಕೇಳ್ತಿದಾರೆ. ಏನ್ ಹೇಳ್ಲಿ?"

ಕಾಜಾ ಅಕ್ಕ ಬಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಯಜಮಾನನಿಗೆ ನೇರವಾಗಿ ಕೇಳಲಿ ಎಂದು ದನಿ ಏರಿಸಿದಳು. "ಕಾಜಾ ಹೊಲಿಯೋರು ಬೇಕಿದ್ರೆ ಅವ್ರೇ ಯಾರನ್ನಾದ್ರೂ ಕಳಿಸ್ಲಿ ಭಾವ, ಕಲಿಸಿಕೊಡ್ತೀನಿ. ಆದ್ರೆ ನನ್ನ ಹತ್ರ ಕಲಿತೋರು ತೋಳೂ ಕಲೀತಾರೆ, ಕಾಲರೂ ಕಲೀತಾರೆ. ಆಮೇಲೆ ಅವರ ಮಹಡೀಲಿ ನಿಲ್ತಾರೋ ಇಲ್ವೋ, ಅದಕ್ಕೆ ನಾನು ಜವಾಬ್ದಾರಳಲ್ಲ."

ಫೋನಿನೊಳಗಿಂದ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಆ ನಗು ಎಲ್ಲೂ ತುಂಡಾಗದೆ ಪೂರ್ತಿ ಕೇಳಿಸಿತು. ಅವಳು ಪೆಡಲು ಒತ್ತಿ, ತೋಳಿನ ಉಳಿದರ್ಧ ಸುತ್ತನ್ನು ಹೊಲಿದು ಮುಗಿಸಿದಳು.