ಓಟ್ಮಾರನ ಎಡ ಮೀಸೆ

ಮೀಸೆ ಸಂಘದ ಹೊಸ ಅಧ್ಯಕ್ಷ ಓಟ್ಮಾರ್ ಶೆಂಪ್‌ನನ್ನು ಕಂಡರೆ ವಾಲ್ಬುರ್ಗಾ ಹೇಫೆಲೆಗೆ ಮೈಯೆಲ್ಲ ಉರಿ. ಅವಳನ್ನು ಕಂಡರೆ ಅವನಿಗೂ ಅಷ್ಟೆ. ಇಬ್ಬರಿಗೂ ಒಮ್ಮತವಿದ್ದದ್ದು ಇದೊಂದರಲ್ಲೇ.

ಜರ್ಮನಿಯ ಶ್ವಾಬಿಯಾದ ಆ ಪುಟ್ಟ ಊರಿನಲ್ಲಿ ಪ್ರತಿವರ್ಷ ಗೆದ್ದ ಮೀಸೆಯ ಇಲ್ಲವೇ ಗಡ್ಡದ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದುಕೊಡುತ್ತಿದ್ದವಳು ಅವಳೇ, ಹತ್ತೊಂಬತ್ತು ವರ್ಷಗಳಿಂದ. ಚಿತ್ರ ಆಳೆತ್ತರಕ್ಕೆ ಅಚ್ಚಾಗಿ ‘ಕಪ್ಪು ಕರಡಿ’ ಬಿಯರ್ ಮನೆಯ ಗೋಡೆಗೇರಬೇಕು. ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯಬಾರದು. ಅದಕ್ಕೇ ಅವಳು ಒಂದೊಂದು ಕೂದಲಿಗೂ ಒಂದೊಂದು ಗೆರೆ ಎಳೆಯುತ್ತಿದ್ದಳು. ಬುಡ ದಪ್ಪ, ತುದಿ ಸೂಜಿ. ಅಡಿಯಲ್ಲಿ ಕಪ್ಪು ಪದರ, ಮೇಲೆ ನರೆ. ಗಂಡ ಮನೆ ಬಿಟ್ಟು ಹೋದದ್ದು ಒಂದು ಗಡ್ಡದ ನಡುವೆ. ಅವಳ ಗಮನಕ್ಕೆ ಬಂದದ್ದು ಗಡ್ಡ ಮುಗಿದ ಮೇಲೆ.

ಈ ಸಲ ಸಹಜ ಮೀಸೆಯ ವಿಭಾಗದಲ್ಲಿ ಗೆದ್ದವನು ಅಧ್ಯಕ್ಷನೇ. ಆ ವಿಭಾಗದಲ್ಲಿ ಮೇಣ, ಅಂಟು ಯಾವುದೂ ಸಲ್ಲದು, ಬಾಚಣಿಗೆಯೊಂದೇ.

“ಒಂದು ಮೀಸೆಗೆ ಮೂರು ವಾರಾನಾ? ನನ್ನ ಅಳಿಯ ಒಂದು ಕೂದಲು ಬರೀತಾನೆ, ಅದನ್ನೇ ಸಾವಿರ ಸಲ ಒತ್ತುತಾನೆ. ಹತ್ತು ನಿಮಿಷದ ಕೆಲಸ. ನೀವು ಕೂದಲು ಬಿಡಿಸ್ತೀರೋ, ಹೇನು ಹೆಕ್ತೀರೋ, ಫ್ರಾವ್ ಹೇಫೆಲೆ?” ಎಂದ ಓಟ್ಮಾರ್.

“ನಿಮ್ಮ ಅಳಿಯ ಬರೆದ ಮುಖ ನೋಡಿದೀನಿ, ಹೆರ್ ಶೆಂಪ್. ಪಾತ್ರೆ ಉಜ್ಜೋ ಬ್ರಷ್ಷಿಗೆ ಕಣ್ಣು ಅಂಟಿಸಿದ ಹಾಗಿತ್ತು.”

“ಫೋಟೋದಲ್ಲಿ ಇದ್ದದ್ದನ್ನ ಇದ್ದ ಹಾಗೆ ಬರೀರಿ. ಸದಸ್ಯರು ಒಪ್ಪಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಅಳಿಯನೇ.”

ಅವಳಿಗೆ ಆ ಗೋಡೆ ಬಿಟ್ಟರೆ ಊರಿನಲ್ಲಿ ಬೇರೆ ನಂಟಿರಲಿಲ್ಲ. ಹಲ್ಲು ಕಚ್ಚಿ ಕೂತಳು.

ಎರಡನೆಯ ವಾರ, ಫೋಟೋ ಹಿಗ್ಗಿಸಿ ಎಡ ಮೀಸೆಯ ಕೊನೆಗೆ ಬಂದಾಗ ಕೈ ನಿಂತಿತು. ಅಲ್ಲಿನ ನಲವತ್ತು ಕೂದಲು ತುಟಿಯ ಕಡೆ ಸೂಜಿ, ಹೊರತುದಿಯಲ್ಲಿ ದಪ್ಪ. ಬೇರೆ ಕೂದಲನ್ನು ತಂದು ಅಂಟಿಸಿದ ಮಹಾನುಭಾವ ತಲೆಕೆಳಗಾಗಿ ಅಂಟಿಸಿದ್ದ! ತಿದ್ದಿ ಬರೆದರೆ ಅವಳ ಕೆಲಸ ಕೈಯಲ್ಲೇ ಉಳಿಯುತ್ತಿತ್ತು. ಅವಳು ನಲವತ್ತನ್ನೂ ಇದ್ದಂತೆಯೇ ಬರೆದಳು, ಹಬ್ಬದಡುಗೆ ಮಾಡುವವಳ ಹುರುಪಿನಲ್ಲಿ.

ಭಾನುವಾರ ಬೆಳಗಿನ ಬಿಯರ್ ಹೊತ್ತಿಗೆ ಚಿತ್ರ ಗೋಡೆಗೇರಿತು. ಕ್ಷೌರಿಕನಾಗಿದ್ದ ಮುದುಕ ಗೆಬ್‌ಹಾರ್ಟ್ ಕನ್ನಡಕ ಏರಿಸಿ ಮೂಗು ತಾಗುವಷ್ಟು ಹತ್ತಿರ ಹೋದ.

“ಏನೋ ಓಟ್ಮಾರ್, ನಿನ್ನ ಎಡ ಮೀಸೆ ಹೊರಗಿಂದ ಒಳಕ್ಕೆ ಬೆಳೀತದಾ?”

“ಈ ಹೆಂಗಸಿನ ಕುತಂತ್ರ!”

“ಹಾಗಾದ್ರೆ ಇಲ್ಲಿ ಬಾ, ಎಳೆದು ನೋಡ್ತೀನಿ.”

ಓಟ್ಮಾರ್ ಬರಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಭಾಗ್ಯವೂ ಅವನಿಗಿರಲಿಲ್ಲ, ಬಿದ್ದದ್ದೇ ಮೀಸೆ. ಅಲ್ಲೇ ಪದಕ ಕಿತ್ತುಕೊಂಡರು.

ವಾಲ್ಬುರ್ಗಾ ಶಹಬ್ಬಾಸ್‌ಗಿರಿಗೆ ಕಾದು ನಿಂತಳು. ಯಾರೂ ಅವಳತ್ತ ನೋಡಲಿಲ್ಲ. ಅವರ ನೋಟ ಹತ್ತೊಂಬತ್ತು ಹಳೆಯ ಚಿತ್ರಗಳತ್ತ ಹೊರಳಿತು. ಆಮೇಲೆ ಒಬ್ಬೊಬ್ಬರ ಕೈ ಮೆಲ್ಲಗೆ ತಂತಮ್ಮ ಮೀಸೆಗೆ ಹೋಯಿತು.

“ವಾಲ್ಲಿ, ನಿನ್ನ ಕೈ ಚೆನ್ನಾಗಿದೆ. ಕಣ್ಣು ಮಾತ್ರ ಜಾಸ್ತಿಯಾಯ್ತು,” ಎಂದ ಗೆಬ್‌ಹಾರ್ಟ್.

“ನಿನ್ನ ಬಲಗೆನ್ನೆಯ ಅಂಟುಗಡ್ಡದ ವಿಷಯ ನಾನು ಹತ್ತು ವರ್ಷದಿಂದ ಬಾಯಿಬಿಟ್ಟಿಲ್ಲ, ಗೆಬ್‌ಹಾರ್ಟ್.”

ಮುಂದಿನ ವರ್ಷದ ಚಿತ್ರ ಅಳಿಯನಿಗೆ ಎಂಬ ಸೂಚನೆಗೆ ಮೊದಲು ಕೈ ಎತ್ತಿದವನು ಗೆಬ್‌ಹಾರ್ಟೇ. ಇಪ್ಪತ್ತೆರಡು ಕೈಗಳೆದ್ದವು, ವಿರೋಧವಿಲ್ಲ. ಓಟ್ಮಾರನೂ ಒಂದು ಕೈ ಎತ್ತಿದ್ದ. ಇನ್ನೊಂದು ಎಡ ಮೀಸೆಯನ್ನು ಒತ್ತಿ ಹಿಡಿದಿತ್ತು.