ಮೊದಲ ಕೊಡದ ನೀರು

ನಮ್ಮ ಕಡೆ ಊರು ಹಾಳು ಬಿದ್ದರೆ ಅದು ಹಾಳಾಗಿಯೂ ಉಳಿಯುವುದಿಲ್ಲ. ಬಿಟ್ಟು ಹೋಗುವವರು ಹೆಂಚು, ಜಂತಿ, ಬಾಗಿಲು ಎಲ್ಲವನ್ನೂ ಕಳಚಿ ಕೊಂಡೊಯ್ಯುತ್ತಾರೆ. ಮಾಡು, ಎಂದರೆ ಸೂರು, ಇಲ್ಲದ ಮಣ್ಣಿನ ಗೋಡೆ ಒಂದು ಮಳೆಗಾಲಕ್ಕೆ ಸೊಂಟದ ಮಟ್ಟಕ್ಕೆ ಇಳಿಯುತ್ತದೆ, ಕೆಲವು ಮಳೆಗಾಲ ಕಳೆದರೆ ಜಗಲಿಯ ಗುರುತು, ತುಳಸಿಕಟ್ಟೆ, ಒರಳುಕಲ್ಲು, ಬಾವಿ ಇಷ್ಟೇ. ಹಾಗಾಗಿ ಖಾಲಿ ಊರಿನ ಚಿತ್ರ ತೆಗೆಯುವವನು ಅವಸರ ಮಾಡಬೇಕು.

ಅರವತ್ತರ ದಶಕದ ನಡುವೆ ನನಗೆ ಹಿಡಿದಿದ್ದು ಈ ಹುಚ್ಚು. ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದಿ ಬಂದು ಕುಂದಾಪುರದಲ್ಲಿ ಪಾಠ ಹೇಳುತ್ತಿದ್ದೆ. ಬೇಗನೆ ಬೇಸರ ಬಂತು. ಹಳೆಯ ಬಾಕ್ಸ್ ಕ್ಯಾಮೆರಾ ಒಂದನ್ನು ಕೊಂಡೆ. ರಜೆ ಸಿಕ್ಕಿತೆಂದರೆ ಸೈಕಲ್ ಹತ್ತುತ್ತಿದ್ದೆ. ಬೈಂದೂರಿನಾಚೆ ಗುಡ್ಡದ ಬುಡದಲ್ಲಿ ಜ್ವರಕ್ಕೆ ಹೆದರಿ ಬಿಟ್ಟುಹೋದ ಕೇರಿ, ಬಸ್ರೂರಿನಲ್ಲಿ ಒಂದು ಕಾಲಕ್ಕೆ ಅಂಗಡಿಸಾಲಿತ್ತು ಎನ್ನುವ, ಈಗ ದನ ಮೇಯುವ ಓಣಿ. ಎಲ್ಲಿ ಹೋದರೂ ಯಾರಾದರೊಬ್ಬರು ಕರೆದು ತಡೆಯುತ್ತಿದ್ದರು.

"ಹ್ವಾಯ್, ಮಧ್ಯಾಹ್ನದೊತ್ತಿಗ್ ಅಲ್ಲಿಗ್ ಹೋಪುಕಾಗ. ಜಾಗ ಸಮ ಇಲ್ಲೆ."

ಹಾಗೆ ಹೇಳಿದ್ದಕ್ಕೇ ನಾನು ಮಧ್ಯಾಹ್ನವೇ ಹೋಗುತ್ತಿದ್ದೆ. ಭೂತ ಒಂದೂ ಎದುರಾಗಲಿಲ್ಲ. ನೆತ್ತಿಯ ಬಿಸಿಲಿಗೆ ಚಿತ್ರಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾದವು. ಅಷ್ಟರ ಮಟ್ಟಿಗೆ ಅವರ ಮಾತು ಸರಿ.

ಈ ಚಿತ್ರಗಳನ್ನು ಆಸೆಯಿಂದ ನೋಡುತ್ತಿದ್ದವಳು ಒಬ್ಬಳೇ, ನನ್ನ ಚಿಕ್ಕಮ್ಮ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬ್ರಹ್ಮಾವರದಲ್ಲಿ ತಮ್ಮನ, ಎಂದರೆ ನನ್ನ ಸೋದರಮಾವನ ಮನೆಯಲ್ಲಿ ಇದ್ದಳು. ಅವಳನ್ನು ಕೊಟ್ಟಿದ್ದು ಬಸ್ರೂರಿನ ಹತ್ತಿರದ ಒಂದು ಕುದ್ರುವಿಗೆ. ಹೊಳೆಯ ನಡುವಿನ ನೆಲ, ಕೆಲವೇ ಮನೆಗಳು, ತೆಂಗು, ಸುತ್ತ ಉಪ್ಪುನೀರು. ಒಂದು ಮಳೆಗಾಲ ದಂಡೆ ಒಡೆದು ಗದ್ದೆಗೆ ಉಪ್ಪು ನುಗ್ಗಿತು. ಮುಂದಿನ ಬೇಸಗೆಯೊಳಗೆ ಎಲ್ಲರೂ ಮನೆಯ ಹೆಂಚನ್ನು ದೋಣಿಗೆ ಹೇರಿ ಎದ್ದು ಹೋದರು. ಚಿಕ್ಕಮ್ಮ ತಮ್ಮನ ಮನೆಯ ಒರಳಿನ ಮುಂದೆ ಬಂದು ಕುಳಿತಳು.

ಒಂದು ದಿನ ಚಿತ್ರಗಳನ್ನು ಮಗುಚಿ ಹಾಕುತ್ತಾ ಕೇಳಿದಳು: "ಎಲ್ಲಾ ಹಾಳ್ ಗ್ವಾಡಿಯೇ ಅಲ್ದಾ ಮಗಾ? ನಮ್ ಕುದ್ರ್ ತೆಗಿಲ್ಯಾ?"

"ಅದೂ ಖಾಲಿಯೇ ಅಲ್ದಾ ಚಿಕ್ಕಮ್ಮ. ತೆಗಿತೆ."

"ಖಾಲಿ ಅಂದೇಳಿ ಬರಿಬ್ಯಾಡ. ನಾನ್ ಅಲ್ಲಿಗ್ ವಾಪಸ್ ಹೋತೆ."

ಊಟಕ್ಕೆ ಕುಳಿತಿದ್ದ ಮಾವ ನಕ್ಕ. "ಹೋಯಿ ಕುಡುಕ್ ಎಂತ ಮಾಡ್ತೆ ಅಕ್ಕಾ? ಹೊಳಿ ನೀರಾ?"

ಇದು ಅವರಿಬ್ಬರ ಹಳೆಯ ಜಗಳ ಎಂದು ನನಗೆ ಆಮೇಲೆ ತಿಳಿಯಿತು. ತೆಂಗಿನ ಫಸಲು ಅವಳದೇ ಇತ್ತು, ಹೊಟ್ಟೆಗೆ ಚಿಂತೆಯಿರಲಿಲ್ಲ. ಬೇಸಗೆಯಲ್ಲಿ ಕುದ್ರುವಿನ ಬಾವಿ ಉಪ್ಪಾಗುತ್ತದೆ, ಶಿವರಾತ್ರಿ ಕಳೆದರೆ ದಡದಿಂದ ದೋಣಿಯಲ್ಲಿ ನೀರು ತರಬೇಕು, ಒಂಟಿ ಹೆಂಗಸಿಗೆ ಅದು ಸಾಧ್ಯವಿಲ್ಲ ಎನ್ನುವುದು ಮಾವನ ವಾದ. ಆ ದಿನ ಅವರ ನಡುವೆ ನಾನು ಬಾಯಿ ಹಾಕಿದೆ.

"ಆ ಬಾವಿ ನೀರು ಸಿಹಿ ಇತ್ತ್ ಮಾವಯ್ಯ. ನಾನ್ ಕುಡ್ದಿದ್ದೆ. ಶಾಲೆ ಬೇಸ್ಗಿ ರಜೆಯಗೆ ಅಲ್ಲಿಗ್ ಹೋದಾಗ, ಹೊಟ್ಟಿ ಅಡಿ ಹಾಕಿ ಮನಿಕಂಡ್, ಕರಟದಗೆ ಮೊಗ್ದ್ ಕುಡ್ದಿದ್ದೆ."

"ಬಾಮಿ ನೀರನ್ನ ಮನಿಕಂಡ್ ಕುಡ್ದ್ಯಾ? ನೀನೆಂತ ಮನ್ಷನಾ, ದನುವಾ?"

ಮನೆಯವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು, ಜೊತೆಗೆ ಅನುಮಾನವೂ. ಕಣ್ಣಾರೆ ಕಂಡೆ ಎಂದವನನ್ನೇ ಮೊದಲು ಸಂಶಯಿಸಿ ಎಂದು ತರಗತಿಯಲ್ಲಿ ಹೇಳುವವನು ನಾನು. ಆಗ ನನಗೆ ಎಷ್ಟು ವಯಸ್ಸೆಂಬುದೇ ನೆನಪಿಲ್ಲ. ಕರಟ ನೆನಪಿದೆ, ಎದೆಗೆ ತಾಗಿದ ತಣ್ಣನೆಯ ಕಲ್ಲು ನೆನಪಿದೆ. ಅದು ಬೇರೆ ಊರಿನ ಬಾವಿಯಾಗಿರಬಹುದು, ಕನಸೂ ಆಗಿರಬಹುದು. ಅಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದ ಚಿಕ್ಕಮ್ಮನೇ ಬೇಸಗೆಯಲ್ಲಿ ಒಮ್ಮೆಯೂ ಸಿಹಿನೀರು ಕಂಡವಳಲ್ಲ. ಆದರೂ ಅವಳು ಹೇಳಿದಳು: "ಅಂವ ಕುಡ್ದಿದ್ದೆ ಅಂದ್ನಲ್ದಾ. ಹೋಯಿ ಕಾಂಬ."

"ಕಾಂಬ! ಈ ಬಿಸ್ಲಗೆ ಅಲ್ಲ್ ಒಂದ್ ಲೋಟ ಕುಡು ನೀರ್ ತೋರ್ಸಿ, ನಾನೇ ನಿಂತ್ ಮಾಡಿಗ್ ತೆಂಗಿನ್ ಗರಿ ಮಡ್ಲ್ ಹೊದ್ಸಿ ಕೊಡ್ತೆ. ಇಲ್ದಿರೆ ಕುದ್ರಿನ್ ಸುದ್ದಿ ಇನ್ ಎತ್ತೂಕಾಗ," ಎಂದ ಮಾವ.

ಚಿಕ್ಕಮ್ಮ ಒಪ್ಪಿದಳು. ನನ್ನ ನಂಬಲಾಗದ ನೆನಪೊಂದರ ಮೇಲೆ ಅವಳು ತನ್ನ ಉಳಿದ ಆಯುಷ್ಯ ಇಟ್ಟಳು.

ಕಡು ಬೇಸಗೆಯ ಒಂದು ಬೆಳಿಗ್ಗೆ ಮೂವರೂ ಬಸ್ರೂರಿನಿಂದ ದೋಣಿ ಹತ್ತಿದೆವು. ಕುದ್ರುವಿನಲ್ಲಿ ಮಾಡಿಲ್ಲದ, ಬಾಗಿಲಿಲ್ಲದ ಗೋಡೆಗಳು, ಮಣ್ಣಿನವಲ್ಲದ ಕೆಂಪು ಮುರಕಲ್ಲಿನವು, ಇನ್ನೂ ಸಾಲಾಗಿ ನಿಂತಿದ್ದವು. ಒಂದರೊಳಗೆ ಪಪ್ಪಾಯಿ ಗಿಡ ಎದ್ದು ಹಣ್ಣು ಬಿಟ್ಟಿತ್ತು. ಸಾಲಿನ ಕೊನೆಯ ಮನೆ ಚಿಕ್ಕಮ್ಮನದು. ಬಾಗಿಲೇ ಇಲ್ಲದ ಹೊಸ್ತಿಲ ಮುಂದೆ ಅವಳು ಚಪ್ಪಲಿ ಕಳಚಿಟ್ಟು ಒಳಗೆ ಹೋದಳು. ನಾನು ಅಲ್ಲಿ ಇಲ್ಲಿ ಚಿತ್ರ ತೆಗೆದೆ. ರೋಲಿನಲ್ಲಿ ಒಂದೇ ಒಂದು ಉಳಿಯಿತು. ಹೊರಡುವಾಗ ಇಡೀ ಸಾಲು ಬರುವಂತೆ ತೆಗೆಯೋಣವೆಂದು ಇಟ್ಟುಕೊಂಡೆ.

ದನ ಬೀಳದಿರಲೆಂದು ಬಾವಿಯ ಮೇಲೆ ತೆಂಗಿನ ಕಾಂಡ ಅಡ್ಡ ಹಾಕಿ ಹೋಗಿದ್ದರು. ಸರಿಸಿ ನೋಡಿದೆ: ಕಟ್ಟೆಯಿಲ್ಲದ, ನೆಲದ ಮಟ್ಟದ ಅಗಲ ಬಾವಿ, ಸುತ್ತ ಮುರಕಲ್ಲು, ಮೊಳದಾಳದಲ್ಲೇ ನೀರು. ಮಲಗಿ ಕೈ ಚಾಚಿದರೆ ಸಿಗುವಷ್ಟು. ನನ್ನ ನೆನಪಿನ ಬಾವಿಯೂ ಹೀಗೇ ಇತ್ತು. ಅಷ್ಟರಲ್ಲಿ ಮಾವ ಹಗ್ಗ ಕಟ್ಟಿದ ಕೊಡಪಾನವನ್ನು ಧೊಪ್ಪನೆ ಎಸೆದು, ತಳಕ್ಕೆ ಮುಳುಗಿಸಿ, ಜಗ್ಗಿ ಎಳೆದು, ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ ಉಗಿದ.

"ಥೂ! ಉಪ್ಪು! ನಿನ್ ಎಂ.ಎ. ಇದ್ರೊಳಗೆ ಹಾಕ್!"

ನಾನೂ ರುಚಿ ನೋಡಿದೆ. ಉಪ್ಪೇ. ಪುರಾವೆ ಎದುರಿಗಿರುವಾಗ ಏನು ಮಾತಾಡುವುದು? ಕ್ಯಾಮೆರಾ ಚೀಲಕ್ಕೆ ಹಾಕಿದೆ. ಚಿಕ್ಕಮ್ಮ ಮಾತ್ರ ಬಾವಿಯ ಅಂಚಿನಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಳು.

"ನಾನಿನ್ನೂ ಕುಡಿಲಿಲ್ಲೆ."

"ನಾನ್ ಕುಡ್ದೆ ಅಲ್ದಾ ಅಕ್ಕಾ, ಸಾಲ್ದಾ?"

"ಸಾಲ. ಇಲ್ಲಿಗ್ ಮದಿ ಆಯಿ ಬಂದಾಗ್ಳಿಂದ ಬ್ಯಾರೆಯರ್ ಕುಡ್ದ್ ಉಳ್ಸಿದ್ದನ್ನೇ ಕುಡ್ದಿದ್ದೆ. ಮೊದ್ಲ್ ಕೊಡ ದೊಡ್ಮನಿಯರಿಗೆ. ಕಡಿಮನಿ ಸೊಸಿ ನಾನ್ ಬಪ್ಪೊತ್ತಿಗೆ ಇದೇ ನೀರ್, ಹೀಂಗೇ ಕಲ್ಕಿದ್, ಹೀಂಗೇ ಉಪ್ಪು. ಇವತ್ತ್ ದೊಡ್ಮನಿಯರ್ ಯಾರೂ ಇಲ್ಲೆ. ನೀವಿಬ್ರೂ ಆಚಿಗ್ ಹೋಯಿನಿ. ನೀರ್ ತಿಳಿ ಆಗ್ಲಿ."

ಮಾವ ಗೊಣಗುತ್ತಾ ತೆಂಗಿನ ನೆರಳಿಗೆ ಹೋದ. ಗಂಟಿನಲ್ಲಿದ್ದ ಅವಲಕ್ಕಿ ತಿಂದೆವು. ಚಿಕ್ಕಮ್ಮ ಕುಳಿತಲ್ಲಿಂದ ಕದಲಲಿಲ್ಲ. ಬಿಸಿಲು ಹೊಳೆಯ ಆಚೆ ದಡಕ್ಕೆ ವಾಲಿದ ಮೇಲೆ ಅವಳು ಎದ್ದು, ಬಿದ್ದಿದ್ದ ಒಂದು ಕರಟ ಹುಡುಕಿ, ಸೆರಗು ಸಿಕ್ಕಿಸಿ, ಬಾವಿಯ ಅಂಚಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿದಳು. ನೀರಿನ ಮೈ ಅಲುಗದ ಹಾಗೆ ಕೆನೆ ತೆಗೆಯುವಂತೆ ಮೊಗೆದಳು. ಕುಡಿದಳು. ಮತ್ತೊಮ್ಮೆ ಕುಡಿದಳು. ಮೂರನೆಯದನ್ನು ತಮ್ಮನಿಗೆ ಚಾಚಿದಳು.

ಮಾವ ಬಾಯಲ್ಲಿ ನೀರಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದ. ನುಂಗಿದ ಮೇಲೆ, "ಸ್ವಲ್ಪ ಸಪ್ಪಿ ಇತ್ತ್" ಎಂದ.

"ಉಪ್ಪಿಲ್ಲೆ ಅಂಬುಕ್ ಎಷ್ಟ್ ಕಷ್ಟ ಕಾಣ್ ನಿಂಗೆ!" ಎಂದಳು ಚಿಕ್ಕಮ್ಮ.

ಮಳೆನೀರು ಹಗುರ, ಉಪ್ಪುನೀರು ಭಾರ. ಮೇಲಿನದು ಸಿಹಿ, ಕೆಳಗಿನದು ಉಪ್ಪು. ಎಲ್ಲ ಮನೆಗಳೂ ದಿನವೂ ಕಲಕಿ ಎಳೆದರೆ ಬೇಸಗೆಗೆ ಸಿಹಿ ಉಳಿಯುತ್ತಿರಲಿಲ್ಲ. ಊರು ಖಾಲಿಯಾದ ಮೇಲೆ ಬಾವಿಗೆ ಬಿಡುವು ಸಿಕ್ಕಿತ್ತು. ಒಬ್ಬಳಿಗೆ ಬೇಕಾದಷ್ಟು ಅದರಲ್ಲಿತ್ತು. ನಾನು ಇದನ್ನು ವಿವರಿಸಲು ಹೊರಟೆ. ಇಬ್ಬರೂ ಕೇಳುತ್ತಿರಲಿಲ್ಲ, ಎಷ್ಟು ಮಡಲು ಬೇಕು ಎಂದು ಆಗಲೇ ಚೌಕಾಸಿ ನಡೆದಿತ್ತು. ಹುಡುಗನಾಗಿದ್ದಾಗ ನಾನು ಯಾರ ಸರದಿ ತಪ್ಪಿಸಿ ಆ ನೀರು ಕುಡಿದೆ, ನಿಜವಾಗಿ ಕುಡಿದೆನೇ, ಇಂದಿಗೂ ಆಣೆ ಹಾಕಿ ಹೇಳಲಾರೆ.

ಹೊರಡುವ ಹೊತ್ತಿಗೆ ಕೊನೆಯ ಚಿತ್ರಕ್ಕೆಂದು ದಂಡೆಯ ಮೇಲೆ ನಿಂತೆ. ಸಾಲು ಮನೆ, ಓರೆ ಬಿಸಿಲು, ನರಪಿಳ್ಳೆಯಿಲ್ಲ. ನಾನು ತೆಗೆದ ಖಾಲಿ ಊರುಗಳಲ್ಲೆಲ್ಲ ಇದೇ ಚೆಂದವಾಗುತ್ತಿತ್ತು. ಆದರೆ ಕೊನೆಯ ಮನೆಯ ಗೋಡೆಯ ಮೇಲೆ ಒಂದು ಸೀರೆ ಒಣಗುತ್ತಿತ್ತು. ಗಂಟಿನಲ್ಲಿ ಬದಲು ಸೀರೆ ತಂದಿದ್ದಾಳೆಂದು ನಮಗ್ಯಾರಿಗೂ ತಿಳಿದಿರಲಿಲ್ಲ.

"ಚಿಕ್ಕಮ್ಮ, ಆ ಸೀರೆ ತೆಗಿ. ಚಿತ್ರದಗೆ ಬತ್ತತ್."

"ಬರ್ಲಿ."

"ಊರ್ ಖಾಲಿ ಕಾಣೂದಿಲ್ಲೆ."

"ಅದ್ಕೇ ಹಾಕಿದ್."

ಮಳೆಗೆ ಮೊದಲು ಮಾವ ಮಡಲು ಹೊದೆಸಿ ಕೊಟ್ಟ, ಬೈಯುತ್ತಲೇ. ಆ ಸೀರೆ ಕೆಂಪು ಎಂದು ನನ್ನ ನೆನಪು. ಹಸಿರು ಎಂದು ಚಿಕ್ಕಮ್ಮ ಇನ್ನೂ ವಾದಿಸುತ್ತಾಳೆ. ಚಿತ್ರ ಕಪ್ಪು ಬಿಳುಪಿನದು, ಯಾರ ಪರವೂ ಸಾಕ್ಷಿ ಹೇಳುವುದಿಲ್ಲ. ಖಾಲಿ ಊರುಗಳ ಕಟ್ಟಿನಲ್ಲಿ ಅದನ್ನು ಇಡಲು ಹೋದರೆ ಅವಳು ಬಿಡುವುದಿಲ್ಲ. ನಾನೂ ಈಗ ಇಡುವುದಿಲ್ಲ.